ಕ್ಯಾನನ್‌ಬಾಲ್ ಆ್ಯಡರ್ಲಿಯ ಸಂಗೀತವನ್ನು ಫಂಕ್ ತಂಡ ನುಡಿಸಿದರೆ ಅದು ಜಾಝ್ ಅಲ್ಲವಾ?

ತುಂಗಾತೀರ
ಶನಿವಾರ ರಾತ್ರಿ ನಾನು, ನಮ್ಮನೆಯವರು ಇಲ್ಲಿ ಶಿಕಾಗೊದ ಸೌತ್ ಸೈಡ್‌ನಲ್ಲಿ ಒಂದು ಸಣ್ಣ ಹಾಲ್‌ಗೆ ಹೋಗಿದ್ವಿ. ಆರು ಜನರ ಫಂಕ್-ಜಾಝ್ ತಂಡ (ಫಂಕ್ ಅಂದ್ರೆ ಬಾಸ್, ಡ್ರಮ್ಸ್ ಮುಂದಿರೋ, ಕುಣಿಸೋ ಸಂಗೀತ): ಆಲ್ಟೊ ಸ್ಯಾಕ್ಸ್, ಟ್ರಂಪೆಟ್, ಕೀಬೋರ್ಡ್, ಗಿಟಾರ್, ಬಾಸ್ ಗಿಟಾರ್, ಡ್ರಮ್ಸ್. ಇಡೀ ಸಂಜೆ ಅಮೆರಿಕದ ಜಾಝ್ ಸ್ಯಾಕ್ಸ್ ವಾದಕ ಕ್ಯಾನನ್‌ಬಾಲ್ ಆ್ಯಡರ್ಲಿಯ ಸಂಗೀತ ಮಾತ್ರ. 'ವರ್ಕ್ ಸಾಂಗ್', 'ದಿಸ್ ಹಿಯರ್', 'ಸ್ಯಾಕ್ ಓ ವೋ', 'ವಾಕ್ ಟಾಲ್', ಕೊನೆಗೆ 'ಮರ್ಸಿ, ಮರ್ಸಿ, ಮರ್ಸಿ'.

ಎರಡನೇ ಹಾಡಿಗೇ ಜನ ಎದ್ದು ನಿಂತ್ರು. ನಾನು ಚಿಕ್ಕಂದಿನಿಂದ ಭಜನೆಗೆ ತಾಳ ಹಾಕಿದ ಅಭ್ಯಾಸದಲ್ಲಿ ನಾಲ್ಕರ ಎಣಿಕೆಯ ಒಂದು, ಮೂರಕ್ಕೆ ಚಪ್ಪಾಳೆ ಹಾಕ್ತಿದ್ದೆ. ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸು ನನ್ನ ಕೈ ಹಿಡಿದು, ಎರಡು, ನಾಲ್ಕಕ್ಕೆ ತಂದಿಟ್ರು. ಆಮೇಲೆ ಇಡೀ ಹಾಲ್‌ನ ಜೊತೆ ನಾನೂ ಸೇರಿಹೋದೆ. ಆ ಖುಷಿ ಇನ್ನೂ ಮೈಯಲ್ಲೇ ಇದೆ.

ಆದ್ರೆ ವಾಪಸ್ ಬರ್ತಾ ಕಾರಲ್ಲಿ ನಲವತ್ತು ನಿಮಿಷ ಜಗಳ. ನಮ್ಮನೆಯವರು ಮೃದಂಗ ಕಲಿತವರು, ಲಯದ ವಿಷಯದಲ್ಲಿ ಬಹಳ ಖಡಕ್ಕು. "ಇದು ಜಾಝೇ ಅಲ್ಲ. ದೊಡ್ಡವರ ಹೆಸರು ಹಾಕ್ಕೊಂಡು ಕುಣಿಯೋ ಕಾರ್ಯಕ್ರಮ ಮಾಡಿದ್ರು. 'ದಿಸ್ ಹಿಯರ್' ಮೂರರ ಎಣಿಕೆಯ ಹಾಡು, ಅದನ್ನ ನಾಲ್ಕಕ್ಕೆ ಎಳೆದು ಕೆಡಿಸಿದ್ರು" ಅಂತ. ನನಗೆ ಉತ್ತರ ಕೊಡೋಕೆ ಬರಲಿಲ್ಲ, ಒಪ್ಪೋಕೂ ಮನಸ್ಸಾಗ್ಲಿಲ್ಲ. ಇಲ್ಲಿ ತಿಳಿದವರಿದ್ದೀರಿ. ಹೀಗೆ ನುಡಿಸೋದು ತಪ್ಪಾ?

ಒಂಟಿಕೊಪ್ಪಲ್
ಜನ ಎದ್ದು ನಿಂತ್ರು ಅಂದಮೇಲೆ ಉತ್ತರ ಸಿಕ್ಕಿದೆಯಲ್ಲ ಮೇಡಂ.

ಹಳೇರೆಕಾರ್ಡು
ಜನ ಎದ್ದು ನಿಲ್ಲೋದೇ ಅಳತೆಗೋಲಾದ್ರೆ ಎಷ್ಟೋ ಒಳ್ಳೇ ಸಂಗೀತ ಮೂಲೆ ಸೇರುತ್ತೆ. ನಾನು ನಿಮ್ಮ ಯಜಮಾನರ ಕಡೆ.

ಕ್ಯಾನನ್‌ಬಾಲ್ ಅಂದ್ರೆ ನನಗೆ ಮೊದಲು ನೆನಪಾಗೋದು 1958ರ 'ಸಮ್‌ಥಿನ್ ಎಲ್ಸ್'. ಟ್ರಂಪೆಟ್‌ನ ದೊಡ್ಡ ಹೆಸರು ಮೈಲ್ಸ್ ಡೇವಿಸ್ ಬೇರೆಯವರ ರೆಕಾರ್ಡಿಗೆ ಪಕ್ಕವಾದ್ಯಕ್ಕೆ ಕೂರೋದು ಅಂದ್ರೆ ಸಾಮಾನ್ಯವಾ? ಇಲ್ಲಿ ಕೂತಿದ್ದಾರೆ. ಅದರಲ್ಲಿ 'ಆಟಮ್ ಲೀವ್ಸ್' ಕೇಳಿ. ಮೈಲ್ಸ್ ಒಂದೊಂದೇ ಸ್ವರ ಇಟ್ಟು ಸುಮ್ಮನಾಗ್ತಾರೆ, ಆಮೇಲೆ ಕ್ಯಾನನ್‌ಬಾಲ್ ಒಳಗೆ ಬಂದಾಗ ಕಿಟಕಿ ತೆಗೆದ ಹಾಗೆ ಬೆಳಕು. ಮರುವರ್ಷ ಮೈಲ್ಸ್ ಅವರ 'ಕೈಂಡ್ ಆಫ್ ಬ್ಲೂ'ನಲ್ಲಿ ಇನ್ನೊಬ್ಬ ಸ್ಯಾಕ್ಸ್ ದಿಗ್ಗಜ ಜಾನ್ ಕೋಲ್ಟ್ರೇನ್ ಪಕ್ಕ ನಿಂತು ಊದಿದವರು. ಅಷ್ಟು ನಾಜೂಕಿನ ಸ್ವಿಂಗ್, ಅಂದ್ರೆ ಜಾಝ್‌ನ ಆ ಒಲೆಯೋ ಲಯ, ಇದ್ದ ಮನುಷ್ಯನ ಹಾಡುಗಳ ಕೆಳಗೆ ಬಾಸ್ ಗಿಟಾರು ಧಬಧಬ ಅಂತಿದ್ರೆ ಆ ಸ್ವಿಂಗ್ ಎಲ್ಲಿ ಉಳಿಯುತ್ತೆ?

ತಂತಿನಾದ
ಹಳೇರೆಕಾರ್ಡು ಸಾರ್, 1959ಕ್ಕೇ ಯಾಕೆ ನಿಂತ್ರಿ? ಅವರು ಬದುಕಿದ್ದು 1975ರವರೆಗೆ. ಬಾಸ್ ನುಡಿಸೋನು ನಾನು, ಹಾಗಾಗಿ ಸ್ವಲ್ಪ ಪಕ್ಷಪಾತ ಇರಬಹುದು, ಆದ್ರೆ ಇತಿಹಾಸ ನನ್ನ ಕಡೆ ಇದೆ. 1966ರಲ್ಲಿ 'ಮರ್ಸಿ' ರೆಕಾರ್ಡ್ ಮಾಡಿದಾಗ ಅವರ ತಂಡದಲ್ಲಿ ಜೋ ಝಾವಿನುಲ್ ನುಡಿಸಿದ್ದು ವುರ್ಲಿಟ್ಝರ್ ಎಲೆಕ್ಟ್ರಿಕ್ ಪಿಯಾನೊ. ಮರುವರ್ಷ ಅದು ಅಮೆರಿಕದ ಪಾಪ್ ಪಟ್ಟಿಯಲ್ಲಿ 11ನೇ ಸ್ಥಾನಕ್ಕೆ ಹೋಯ್ತು. ಜಾಝ್ ವಾದ್ಯಸಂಗೀತ ಅಲ್ಲಿಗೆ ಮುಟ್ಟೋದು ಎಷ್ಟು ಅಪರೂಪ ಅಂತ ನಿಮಗೇ ಗೊತ್ತು. ಬೇರೆಯವರು ಯಾರೋ ಬಂದು ಅವರ ಸಂಗೀತಕ್ಕೆ ಫಂಕ್ ಅಂಟಿಸಿದ್ದಲ್ಲ. ಅವರೇ ಆ ಬಾಗಿಲು ತೆಗೆದಿದ್ದು.

ಹಳೇರೆಕಾರ್ಡು
ಅದು ಕ್ಲಬ್ಬಿನ ಜನರಿಗಾಗಿ ಮಾಡಿದ್ದು ತಂತಿನಾದ. ಎಲ್‌ಪಿ ನನ್ನ ಹತ್ರ ಇದೆ, ಹೆಸರಲ್ಲೇ ಇದೆ 'ಲೈವ್ ಅಟ್ ದ ಕ್ಲಬ್' ಅಂತ. ಶಿಕಾಗೊ ಕ್ಲಬ್ಬು. ಗಿರಾಕಿಗಳು ಏನು ಕೇಳಿದ್ರೋ ಅದನ್ನ ಕೊಟ್ಟಿದ್ದಾರೆ.

ಬಂಟ್ವಾಳದವ
ಒಂದು ನಿಮಿಷ ಮಾರಾಯ್ರೆ. ನನಗೆ ಸ್ಯಾಕ್ಸೋಫೋನ್ ಅಂದರೆ ಕದ್ರಿ ಗೋಪಾಲನಾಥರು. ಈ ಜನ ಯಾರು, ಫಿರಂಗಿ ಗುಂಡು ಅಂತ ಹೆಸರು ಯಾಕೆ?

ತುಂಗಾತೀರ
@ಬಂಟ್ವಾಳದವ ನಿಜವಾದ ಹೆಸರು ಜೂಲಿಯನ್ ಆ್ಯಡರ್ಲಿ. 1928ರಲ್ಲಿ ಫ್ಲೋರಿಡಾದ ಟ್ಯಾಂಪಾದಲ್ಲಿ ಹುಟ್ಟಿದ್ದು. ಹುಡುಗ ಚೆನ್ನಾಗಿ ಊಟ ಮಾಡ್ತಿದ್ನಂತೆ, ಜೊತೆಯವರು 'ಕ್ಯಾನಿಬಲ್' ಅಂತ ಕರೀತಿದ್ರು, ಅದು ಬಾಯಿಂದ ಬಾಯಿಗೆ ತಿರುಗಿ 'ಕ್ಯಾನನ್‌ಬಾಲ್' ಆಯ್ತು. ಫಿರಂಗಿಗೂ ಅವರಿಗೂ ಸಂಬಂಧ ಇಲ್ಲ.

ಮೊದಲು ಫೋರ್ಟ್ ಲಾಡರ್‌ಡೇಲ್‌ನ ಡಿಲ್ಲರ್ಡ್ ಹೈಸ್ಕೂಲಿನಲ್ಲಿ ಬ್ಯಾಂಡ್ ಮೇಷ್ಟ್ರು. 1955ರಲ್ಲಿ ನ್ಯೂಯಾರ್ಕಿಗೆ ಬಂದು, ಕೆಫೆ ಬೊಹೀಮಿಯಾ ಅನ್ನೋ ಕ್ಲಬ್ಬಲ್ಲಿ ಆಸ್ಕರ್ ಪೆಟ್ಟಿಫೋರ್ಡ್ ತಂಡದ ಜೊತೆ ಒಂದು ರಾತ್ರಿ ನುಡಿಸಿದ್ದೇ ಊರೆಲ್ಲ ಸುದ್ದಿ. ಅದೇ ವರ್ಷ ಮಾರ್ಚ್‌ನಲ್ಲಿ ಆಲ್ಟೊ ಸ್ಯಾಕ್ಸ್‌ನ ಮಹಾನ್ ವಾದಕ ಚಾರ್ಲಿ ಪಾರ್ಕರ್ ತೀರಿಕೊಂಡಿದ್ರು. ಪಾರ್ಕರ್‌ಗೆ 'ಬರ್ಡ್' ಅಂತ ಅಡ್ಡಹೆಸರು ನೋಡಿ, ಇವರನ್ನ ಹೊಸ ಬರ್ಡ್ ಅನ್ನೋಕೆ ಶುರು ಮಾಡಿದ್ರು. ಪಾಪ, ಆ ಭಾರ ತುಂಬಾ ವರ್ಷ ಹೊತ್ತುಕೊಂಡು ತಿರುಗಬೇಕಾಯ್ತು.

ಟೇಪುರೀಲು
ಹಳೇರೆಕಾರ್ಡು ಅವರೇ, ಒಂದು ತಿದ್ದುಪಡಿ. ನಿಮ್ಮ ಎಲ್‌ಪಿ ಮೇಲೆ ಏನೇ ಬರೆದಿದ್ರೂ ಅದು ಶಿಕಾಗೊ ಕ್ಲಬ್ಬಿನಲ್ಲಿ ರೆಕಾರ್ಡ್ ಆದದ್ದಲ್ಲ. ಹಾಲಿವುಡ್‌ನ ಕ್ಯಾಪಿಟಲ್ ಸ್ಟುಡಿಯೊದಲ್ಲಿ ಆಗಿದ್ದು. ನಿರ್ಮಾಪಕ ಡೇವಿಡ್ ಆಕ್ಸಲ್‌ರಾಡ್ ಸ್ಟುಡಿಯೊಗೇ ಜನರನ್ನ ಕರೆಸಿ, ಕುಡಿಯೋಕೆ ಪುಕ್ಕಟೆ ವ್ಯವಸ್ಥೆ ಮಾಡಿ, ಕ್ಲಬ್ಬಿನ ವಾತಾವರಣ ತಂದ್ರು. ಆ ಶಿಕಾಗೊ ಕ್ಲಬ್ಬಿನ ಮಾಲೀಕ ರೇಡಿಯೊದವರು, ಕ್ಯಾನನ್‌ಬಾಲ್‌ಗೆ ಸ್ನೇಹಿತ. ಅವರಿಗೆ ಹೆಸರಾಗಲಿ ಅಂತ ಹಾಗೆ ಹಾಕಿದ್ದು.

ಹೆಡ್‌ಫೋನ್ ಹಾಕಿ ಕೇಳಿ. ಜನರ ಕೂಗು, 'ಹೌದು ಹೌದು' ಅನ್ನೋ ದನಿ ಎಷ್ಟು ಹತ್ತಿರ ಇದೆ ನೋಡಿ. ಕ್ಲಬ್ಬಿನಲ್ಲಿ ಅಷ್ಟು ಸ್ವಚ್ಛವಾಗಿ ಸಿಗೋದು ಕಷ್ಟ.

ಹಳೇರೆಕಾರ್ಡು
ಇಪ್ಪತ್ತೆರಡು ವರ್ಷದಿಂದ ಆ ರೆಕಾರ್ಡ್ ಇಟ್ಟುಕೊಂಡಿದ್ದೀನಿ. ಇದು ಗೊತ್ತಿರಲಿಲ್ಲ. ಧನ್ಯವಾದ.

ಸಾಧನಕೇರಿ
ಎಲ್ಲಾರೂ 'ಕ್ಯಾನನ್‌ಬಾಲ್ ಸಂಗೀತ' ಅನ್ನಾಕ್ಹತ್ತೀರಿ, ಒಂದು ಮೂಲಭೂತ ಪ್ರಶ್ನೆ ಐತಿ ನೋಡ್ರಿ. ತುಂಗಾತೀರ ಬಾಯಾರು ಕೊಟ್ಟ ಪಟ್ಟಿಯೊಳಗ 'ವರ್ಕ್ ಸಾಂಗ್' ತಮ್ಮ ನ್ಯಾಟ್ ಆ್ಯಡರ್ಲಿ ಬರದದ್ದು. 'ದಿಸ್ ಹಿಯರ್' ತಂಡದ ಪಿಯಾನೊದ ಬಾಬಿ ಟಿಮನ್ಸ್ ಬರದದ್ದು. 'ವಾಕ್ ಟಾಲ್', 'ಮರ್ಸಿ' ಎರಡೂ ಝಾವಿನುಲ್‌ನ ಹೆಸರಿನಾಗ ಬರ್ತಾವು. ಕ್ಯಾನನ್‌ಬಾಲ್ ಸ್ವತಃ ಬರದದ್ದು 'ಸ್ಯಾಕ್ ಓ ವೋ' ಒಂದ. ಹಂಗಾದ್ರ ಆ ರಾತ್ರಿ ನುಡಿಸಿದ್ದು ಯಾರ ಸಂಗೀತ?

ಒಂಟಿಕೊಪ್ಪಲ್
ಇದು ಒಳ್ಳೇ ಪ್ರಶ್ನೆ.

ತಂತಿನಾದ
ಸಾಧನಕೇರಿ ಸಾರ್, ಭೀಮಸೇನ ಜೋಶಿ ಹಾಡಿದ ದಾಸರ ಪದಗಳನ್ನ ನಿಮ್ಮ ಊರಲ್ಲಿ ಏನಂತ ಕೇಳ್ತಾರೆ? 'ಭೀಮಸೇನರ ಭಾಗ್ಯದ ಲಕ್ಷ್ಮಿ ಹಾಕು' ಅಂತಲ್ವಾ? ಪದ ಪುರಂದರದಾಸರದ್ದು. ಆದ್ರೂ ಆ ದನಿ ಅಂಟಿಕೊಂಡುಬಿಟ್ಟಿದೆ. ಜಾಝ್‌ನಲ್ಲಂತೂ ಯಾರು ಬರೆದ್ರು ಅನ್ನೋದಕ್ಕಿಂತ ಯಾರು ಹೇಗೆ ಊದಿದ್ರು ಅನ್ನೋದು ದೊಡ್ಡದು. ಜೊತೆಗೆ ಇವರಿಗೆ ಜನರನ್ನ ಗುರುತಿಸೋ ಕಣ್ಣಿತ್ತು. ಗಿಟಾರಿಸ್ಟ್ ವೆಸ್ ಮಾಂಟ್ಗೋಮರಿಯನ್ನ ಕೇಳಿದ ತಕ್ಷಣ ರಿವರ್‌ಸೈಡ್ ರೆಕಾರ್ಡ್ಸ್‌ನವರಿಗೆ ಹೇಳಿ ಒಪ್ಪಂದ ಮಾಡಿಸಿದ್ದು ಇವರೇ. ತಮ್ಮನಿಗೆ, ಟಿಮನ್ಸ್‌ಗೆ, ಝಾವಿನುಲ್‌ಗೆ 'ನೀನು ಬರಿ, ನಾವು ನುಡಿಸೋಣ' ಅಂತ ಜಾಗ ಬಿಟ್ಟುಕೊಟ್ಟ ಮೇಷ್ಟ್ರು.

'ವರ್ಕ್ ಸಾಂಗ್' ಹಿಂದಿನ ಕಥೆ ಗೊತ್ತಾ? ಅಣ್ಣತಮ್ಮ ಸಣ್ಣವರಿದ್ದಾಗ ಫ್ಲೋರಿಡಾದ ಅವರ ಮನೆ ಮುಂದೆ ಸಂಕೋಲೆ ಹಾಕಿದ ಕೈದಿಗಳು ರಸ್ತೆ ಕೆಲಸ ಮಾಡ್ತಾ ಹಾಡ್ತಿದ್ರಂತೆ. ಅದು ನ್ಯಾಟ್ ತಲೇಲಿ ಉಳಿದು 1960ರಲ್ಲಿ ಟ್ರಂಪೆಟ್ ಮೇಲೆ ಬಂತು. ಒಬ್ಬ ಒಂದು ಸಾಲು ಎತ್ತಿಕೊಡ್ತಾನೆ, ಸುತ್ತಿಗೆ ಪೆಟ್ಟು ಬೀಳುತ್ತೆ, ಮತ್ತೊಂದು ಸಾಲು.

ಟೇಪುರೀಲು
ಕಾರ್ನೆಟ್. ನ್ಯಾಟ್ ನುಡಿಸ್ತಿದ್ದದ್ದು ಟ್ರಂಪೆಟ್ ಅಲ್ಲ, ಕಾರ್ನೆಟ್. ಗಾತ್ರದಲ್ಲಿ ಗಿಡ್ಡ, ದನಿ ಇನ್ನೂ ಸ್ವಲ್ಪ ಮೆತ್ತಗೆ.

ತಂತಿನಾದ
ಸರಿ, ಕಾರ್ನೆಟ್.

ಬಂಟ್ವಾಳದವ
ಈ ಸುತ್ತಿಗೆ ಪೆಟ್ಟಿನ ಮಾತು ಓದಿ ನನಗೆ ನಮ್ಮ ಗದ್ದೆಯ ನೇಜಿ ನೆನಪಾಯ್ತು. ನೇಜಿ ನೆಡುವಾಗ ಒಬ್ಬರು ಹಿರಿಯ ಹೆಂಗಸು ಸಾಲು ಎತ್ತುವುದು, ಉಳಿದವರೆಲ್ಲ ಸೊಂಟ ಬಗ್ಗಿಸಿದಲ್ಲೇ 'ಓ ಬೇಲೆ' ಅಂತ ತಿರುಗಿ ಹೇಳುವುದು. ಹಾಡು ನಿಂತರೆ ಕೈಯೂ ನಿಧಾನ ಆಗ್ತದೆ. ನನ್ನ ಅಜ್ಜಿ ಹೇಳುತ್ತಿದ್ದರು, ಹಾಡು ಸೊಂಟನೋವಿಗೆ ಮದ್ದು ಅಂತ. ಈಗ ಯಂತ್ರ ಬಂದಿದೆ, ನೆಡುವ ಹಾಡು ಕೇಳುವುದು ವೇದಿಕೆಯಲ್ಲಿ ಮಾತ್ರ. ಈ 'ವರ್ಕ್ ಸಾಂಗ್' ನಾನು ಈಗಲೇ ಹಾಕಿ ಕೇಳಿದೆ. ಆ ಖಾಲಿ ಜಾಗದಲ್ಲಿ ಪೆಟ್ಟು ಬೀಳ್ತದಲ್ಲ, ಅಲ್ಲಿ ಮೈ ಜುಂ ಅಂತ ಆಯ್ತು.

ಲಯದಹುಚ್ಚು
ತಡವಾಗಿ ಬಂದೆ. ತುಂಗಾತೀರ ಅವರ ಮನೆಯ ಜಗಳದ ಬಗ್ಗೆ ಹೇಳ್ಬೇಕು, ಯಾಕಂದ್ರೆ ಇಬ್ಬರದೂ ಅರ್ಧರ್ಧ ಸರಿ.

ನಮ್ಮ ಲೆಕ್ಕದಲ್ಲೇ ಹೇಳ್ತೀನಿ. ಸ್ವಿಂಗ್ ಹೆಚ್ಚುಕಡಿಮೆ ತಿಶ್ರ ನಡೆ. ಒಂದು ಪೆಟ್ಟನ್ನ ಮೂರು ಮಾಡಿ, ಮೊದಲನೇದು, ಮೂರನೇದು ಮಾತ್ರ ಇಟ್ಟುಕೊಳ್ಳಿ: ತ-ಟ, ತ-ಟ. ಅದರಲ್ಲೊಂದು ಒಲೆತ ಇರುತ್ತೆ, ಎತ್ತಿನಗಾಡಿ ಸಪಾಟು ದಾರೀಲಿ ಹೋದ ಹಾಗೆ. ಫಂಕ್ ಚತುರಶ್ರ. ಒಂದೊಂದು ಪೆಟ್ಟಿನೊಳಗೂ ತಕದಿಮಿ ಓಡ್ತಾ ಇರುತ್ತೆ, ಆವರ್ತನದ ಮೊದಲ ಪೆಟ್ಟಿಗೆ, ನಮ್ಮ ಸಮಕ್ಕೆ, ಎಲ್ಲರೂ ಸೇರಿ ಒತ್ತು ಕೊಡ್ತಾರೆ. ಫಂಕ್‌ನ ದೊಡ್ಡ ಗಾಯಕ ಜೇಮ್ಸ್ ಬ್ರೌನ್ ತಂಡದಲ್ಲಿ ಆ ಒಂದನೇ ಪೆಟ್ಟೇ ದೇವರು.

ಈಗ ಹಾಡೊಂದನ್ನ ಒಂದು ನಡೆಯಿಂದ ಇನ್ನೊಂದಕ್ಕೆ ಸಾಗಿಸ್ಬೇಕಾದ್ರೆ, ಆ ಹಾಡಿನ ಒಳಗೆ ಜಾಗ ಇದೆಯಾ ಅಂತ ನೋಡ್ಬೇಕು. 'ವರ್ಕ್ ಸಾಂಗ್'ನಲ್ಲಿ ಇದೆ. ಸಾಲಿನ ಮಧ್ಯೆ ಬಿಟ್ಟ ಖಾಲಿಯಲ್ಲಿ ಸುತ್ತಿಗೆ ಬದಲು ಸ್ನೇರ್ ಡ್ರಮ್ಮಿನ ಪೆಟ್ಟು ಬಿದ್ರೂ ಹಾಡು ಗಟ್ಟಿಯಾಗೇ ನಿಲ್ಲುತ್ತೆ. 'ಸ್ಯಾಕ್ ಓ ವೋ' ಬ್ಲೂಸ್, ಅದಕ್ಕೆ ಯಾವ ನಡೆಯಾದ್ರೂ ಆಗುತ್ತೆ.

'ದಿಸ್ ಹಿಯರ್' ಹಾಗಲ್ಲ. 1959ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಜಾಝ್ ವರ್ಕ್‌ಶಾಪ್ ಕ್ಲಬ್ಬಲ್ಲಿ ರೆಕಾರ್ಡ್ ಆಗಿದೆ. ಶುರುವಿನಲ್ಲಿ ಕ್ಯಾನನ್‌ಬಾಲ್ ಮೇಷ್ಟ್ರ ಥರ ಜನರಿಗೆ ವಿವರಿಸ್ತಾರೆ: ಇದು ಜಾಝ್ ವಾಲ್ಟ್ಝ್, ಇದರ ಬೇರು ಚರ್ಚಿನ ಹಾಡಿನಲ್ಲಿದೆ ಅಂತ. ಆ ಮೂರರ ತಿರುಗಾಟವೇ ಅದರ ಪ್ರಾಣ. ಅದನ್ನ ನಾಲ್ಕಕ್ಕೆ ತರೋಕೆ ಪ್ರತಿ ಬಾರ್‌ಗೂ, ಅಂದ್ರೆ ಪ್ರತಿ ಆವರ್ತನಕ್ಕೂ, ಒಂದು ಪೆಟ್ಟು ತುಂಬಬೇಕು. ತುಂಬಿದ ಆ ಪೆಟ್ಟಿಗೆ ಮಾಡೋಕೆ ಕೆಲಸ ಇರಲ್ಲ, ಸಾಲು ಜೋತುಬೀಳುತ್ತೆ. ಅಲ್ಲಿ ನಿಮ್ಮ ಯಜಮಾನರ ಕಿವಿ ಸರಿಯಾಗೇ ಹಿಡಿದಿದೆ. ಮೂರರಲ್ಲೇ ಫಂಕ್ ಮಾಡಬಹುದಿತ್ತು, ಕಷ್ಟ, ಆದ್ರೆ ಆಗುತ್ತೆ.

'ಮರ್ಸಿ' ಮತ್ತು 'ವಾಕ್ ಟಾಲ್' ವಿಷಯದಲ್ಲಿ ಮಾತ್ರ ಅವರು ತಪ್ಪು. ಅವೆರಡೂ ಹುಟ್ಟಿದ್ದೇ ಒಲೆತ ಇಲ್ಲದ ನೇರ ಎಂಟರ ಎಣಿಕೆಯಲ್ಲಿ. ಅವನ್ನ ಸ್ವಿಂಗ್ ಮಾಡಿದ್ರೇ ಕೆಡ್ತಿದ್ವು.

ಹಳೇರೆಕಾರ್ಡು
ಲಯದಹುಚ್ಚು ಬರೆದದ್ದು ಒಪ್ಪುವಂಥದ್ದು. ಎಲ್ಲ ಹಾಡಿಗೂ ಒಂದೇ ಅಂಗಿ ಹೊಲಿಸಬೇಡಿ ಅನ್ನೋದೇ ನನ್ನ ವಾದ. ಅವರು ಒಂದೇ ಸಂಜೆಯಲ್ಲಿ ಮೂರು ಥರ ನುಡಿಸ್ತಿದ್ರು, ಒಂದು ಬ್ಯಾಲಡ್, ಒಂದು ಸ್ವಿಂಗ್, ಒಂದು ಚರ್ಚಿನದ್ದು. ಈ ತಂಡ ಒಂದಾದ್ರೂ ನಿಧಾನದ್ದು ನುಡಿಸ್ತಾ?

ತುಂಗಾತೀರ
ಇಲ್ಲ. ಈಗ ಯೋಚಿಸಿದ್ರೆ ಅದೇ ಕೊರತೆ ಅನ್ನಿಸುತ್ತೆ. ಒಂದೂವರೆ ಗಂಟೆ ಒಂದೇ ಬಿಸಿ.

ಲಯದಹುಚ್ಚು ಅವರ ಪೋಸ್ಟನ್ನ ನಮ್ಮನೆಯವರಿಗೆ ಓದಿ ಹೇಳಿದೆ. 'ದಿಸ್ ಹಿಯರ್' ಭಾಗ ಬಂದಾಗ "ನೋಡ್ದಾ" ಅಂದ್ರು. 'ಮರ್ಸಿ' ಭಾಗ ಬಂದಾಗ ಸುಮ್ಮನೆ ಟೇಬಲ್ ಮೇಲೆ ಬೆರಳಲ್ಲಿ ತಕದಿಮಿ ಹಾಕ್ತಾ ಕೂತ್ರು. ಇನ್ನೂ ಒಪ್ಪಿಲ್ಲ. ಅವರ ಇನ್ನೊಂದು ದೂರು, ಸ್ಯಾಕ್ಸೋಫೋನೇ ಕೇಳಿಸ್ಲಿಲ್ಲ ಅಂತ. ಅದು ನಿಜ. ಕಾರ್ಯಕ್ರಮ ಅವರ ಹೆಸರಲ್ಲಿ, ಕೇಳಿಸಿದ್ದು ಬಾಸ್ ಡ್ರಮ್ಮು.

ಮಿಕ್ಸರ್‌ಹಿಂದೆ
ಇದು ನನ್ನ ಹೊಟ್ಟೆಪಾಡಿನ ವಿಷಯ, ಅದಕ್ಕೆ ಬಾಯಿ ಹಾಕ್ತೀನಿ. ಸ್ಯಾಕ್ಸ್‌ಗೆ ಮೈಕ್ ಇಡೋದರಲ್ಲಿ ಹತ್ತರಲ್ಲಿ ಎಂಟು ಕಡೆ ಇದೇ ತಪ್ಪು ಆಗುತ್ತೆ. ಅಗಲ ಬಾಯಿ ಕಾಣುತ್ತಲ್ಲ, ಶಬ್ದ ಎಲ್ಲ ಅಲ್ಲಿಂದಲೇ ಬರುತ್ತೆ ಅಂದ್ಕೊಂಡು ಮೈಕನ್ನ ಅದರೊಳಗೆ ತುರುಕ್ತಾರೆ. ಬಾಯಿಂದ ಪೂರ್ತಿ ಬರೋದು ತೀರಾ ಕೆಳಗಿನ ಸ್ವರಗಳು ಮಾತ್ರ. ಉಳಿದದ್ದೆಲ್ಲ ಮೈಮೇಲಿನ ತೂತುಗಳಿಂದ, ಯಾವ ಕೀಲಿ ತೆಗೆದಿದೆಯೋ ಅಲ್ಲಿಂದ ಹೊರಬೀಳುತ್ತೆ. ಮೈಕನ್ನ ಒಂದು ಗೇಣು ದೂರ ಇಟ್ಟು, ಬಾಯಿಗೂ ಎಡಗೈ ಕೀಲಿಗಳಿಗೂ ಮಧ್ಯಕ್ಕೆ ಮುಖ ಮಾಡಿ. ದನಿ ತಾನಾಗಿ ತುಂಬಿಕೊಳ್ಳುತ್ತೆ.

ಆದ್ರೆ ಫಂಕ್ ತಂಡದಲ್ಲಿ ವೇದಿಕೆ ಮೇಲಿನ ಗದ್ದಲ ಜಾಸ್ತಿ, ದೂರ ಇಟ್ರೆ ಡ್ರಮ್ಸ್ ಎಲ್ಲಾ ಆ ಮೈಕಿಗೇ ನುಗ್ಗುತ್ತೆ. ಅದಕ್ಕೇ ಬಾಯಿಗೆ ಸಿಗಿಸೋ ಪುಟ್ಟ ಮೈಕ್ ಹಾಕ್ತಾರೆ. ಕೇಳಿಸೋದಂತೂ ಕೇಳಿಸುತ್ತೆ, ಆದ್ರೆ ದನಿ ಡಬ್ಬಿಯೊಳಗಿಂದ ಬಂದಂಗಿರುತ್ತೆ. ಕ್ಯಾನನ್‌ಬಾಲ್ ದನಿಯಲ್ಲಿ ಇದ್ದದ್ದು ಆ ದಪ್ಪ, ಆ ಬೆಲ್ಲದ ಪಾಕ. ಅದೇ ಹೋದ್ರೆ ಯಾರ ಹೆಸರಿಟ್ಟು ಏನು ಬಂತು? ನನ್ನ ಕೇಳಿದ್ರೆ ಆ ರಾತ್ರಿ ತಪ್ಪು ಫಂಕ್‌ದಲ್ಲ, ಮಿಕ್ಸರ್‌ನಲ್ಲಿ ಬಾಸ್ ಡ್ರಮ್ಮಿನ ದನಿ ಏರಿಸೋ ಫೇಡರ್ ಮೇಲೆ ಕೈಯಿಟ್ಟವನದ್ದು.

ಒಂಟಿಕೊಪ್ಪಲ್
ಹಿತ್ತಾಳೆ ವಾದ್ಯ ಅಲ್ವಾ, ಮೈಕ್ ಇಲ್ದೇನೂ ಮೂರು ಬೀದಿಗೆ ಕೇಳುತ್ತೆ.

ಟೇಪುರೀಲು
ಮೈ ಹಿತ್ತಾಳೆ, ಜಾತಿ ಮರದ್ದು. ರೀಡ್ ಅನ್ನೋ ತೆಳು ಪಟ್ಟಿ ಇಟ್ಟು ಊದೋ ವಾದ್ಯ ಆದ್ದರಿಂದ ಕ್ಲಾರಿನೆಟ್ ಥರ ಮರವಾದ್ಯಗಳ ಗುಂಪಿಗೆ ಸೇರುತ್ತೆ. ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಮಾಡಿಸಿದ್ದು ಮಿಲಿಟರಿ ಬ್ಯಾಂಡುಗಳನ್ನ ಮನಸ್ಸಲ್ಲಿಟ್ಟುಕೊಂಡು. ಹಾಗಾಗಿ ಬೀದಿಗೆ ಕೇಳೋದು ನಿಜ.

ಬಂಟ್ವಾಳದವ
ಆ ಮಿಲಿಟರಿ ಬ್ಯಾಂಡೇ ಮೈಸೂರು ಅರಮನೆಗೆ ಬಂದು, ಅಲ್ಲಿ ಕದ್ರಿಯವರು ಅದನ್ನು ಕೇಳಿ ಮರುಳಾದದ್ದಲ್ಲವೇ. ನಮ್ಮ ಸಜಿಪದವರು. ತಂದೆ ನಾಗಸ್ವರದವರು, ಮಗನೂ ಅದೇ ಹಿಡಿಯಬೇಕಿತ್ತು. ಈಗ ನಮ್ಮ ಕಡೆ ದೇವಸ್ಥಾನದ ಜಾತ್ರೆಗೆ, ಮದುವೆ ದಿಬ್ಬಣಕ್ಕೆ ಸ್ಯಾಕ್ಸೋಫೋನ್ ಇಲ್ಲದೆ ಆಗುವುದೇ ಇಲ್ಲ. ನನ್ನ ಅಕ್ಕನ ಮಗನೂ ಊದುತ್ತಾನೆ. ಬೆಳಿಗ್ಗೆ ಎದ್ದು ರೀಡನ್ನು ಬಾಯಲ್ಲಿಟ್ಟು ಒದ್ದೆ ಮಾಡುತ್ತ ಮನೆಯೆಲ್ಲ ತಿರುಗುವುದು, ಆ ಹೊತ್ತಿಗೆ ಮಾತಾಡಿಸಿದರೆ ಬರೀ ಹೂಂ.

ಅವರು ಜಾಝ್‌ನವರ ಜೊತೆಯೂ ನುಡಿಸಿದ್ದಾರೆ. 1980ರಲ್ಲಿ ಬೊಂಬಾಯಿಯ ಜಾಝ್ ಉತ್ಸವದಲ್ಲಿ ಜಾನ್ ಹ್ಯಾಂಡಿ ಎಂಬವರ ಸಂಗಡ.

ತಂತಿನಾದ
@ಬಂಟ್ವಾಳದವ ಅಣ್ಣ, ನೀವು ಗೊತ್ತಿಲ್ಲದೇ ಸರಿಯಾದ ಕೊಂಡಿ ತಂದ್ರಿ! ಜಾನ್ ಹ್ಯಾಂಡಿ ಕೂಡ ಆಲ್ಟೊ. ಅಲಿ ಅಕ್ಬರ್ ಖಾನ್ ಜೊತೆ ರೆಕಾರ್ಡ್ ಮಾಡಿದವರು. ಅದೇ ಮನುಷ್ಯ 1976ರಲ್ಲಿ 'ಹಾರ್ಡ್ ವರ್ಕ್' ಅಂತ ಪಕ್ಕಾ ಫಂಕ್ ಹಾಡು ಮಾಡಿ ಹಿಟ್ ಕೊಟ್ಟರು. ಸರೋದ್ ಪಕ್ಕ ಕೂತು ರಾಗ ಊದಿದವರಿಗೆ ಫಂಕ್ ಊದೋಕೆ ಮುಜುಗರ ಆಗ್ಲಿಲ್ಲ. ಮೈಲಿಗೆಯ ಲೆಕ್ಕ ಕೇಳೋ ನಮ್ಮದು, ನುಡಿಸೋರದ್ದಲ್ಲ.

ಸಾಧನಕೇರಿ
ಕದ್ರಿಯವರ ಮಾತು ಬಂತಂದ್ರ ಜಾಝ್ ಆಲ್ಟೊ ವಾದಕ ರುದ್ರೇಶ ಮಹಾಂತಪ್ಪನ್ನ ಬಿಡಾಕ ಬರೂದಿಲ್ಲ. ಕರ್ನಾಟಕ ಮೂಲದ ಮನೆತನ, ಬೆಳದದ್ದು ಅಮೆರಿಕದ ಕೊಲೊರಾಡೊದಾಗ. ಅವ್ರ ಅಣ್ಣ ಚ್ಯಾಷ್ಟಿಗೆ ಅಂತ ಕದ್ರಿಯವರ ರೆಕಾರ್ಡು ಕೊಟ್ಟನಂತ, ಕೇಳಿ ಹುಡುಗ ದಂಗಾದ. ಮುಂದ 2008ರಾಗ ಇಬ್ರೂ ಕೂಡಿ 'ಕಿನ್ಸ್‌ಮೆನ್' ಮಾಡಿದ್ರು. ಎರಡು ಆಲ್ಟೊ, ಒಂದ ವಾದ್ಯ, ಒಬ್ಬರದು ತುಟಿಯೊಳಗ ಗಮಕ, ಇನ್ನೊಬ್ಬರದು ಕತ್ತಿ ಝಳಪಿಸಿದಂಗ.

ನಮ್ಮ ವಿಷಯಕ್ಕ ಹೊಂದೂದು ಅವ್ರ 2015ರ 'ಬರ್ಡ್ ಕಾಲ್ಸ್'. ಚಾರ್ಲಿ ಪಾರ್ಕರ್‌ಗೆ ಗೌರವ, ಆದ್ರ ಪಾರ್ಕರ್‌ನ ಹಾಡು ಇದ್ದಂಗ ನುಡಿಸಂಗಿಲ್ಲ. ಅವನ ಸಾಲು ಬಿಚ್ಚಿ, ಅದೇ ನೂಲಿಲೆ ಹೊಸಾ ಬಟ್ಟಿ ನೇದಾರ. ಹಿರಿಯರ ಸಂಗೀತ ಮುಟ್ಟೂದಂದ್ರ ಹಿಂಗ ಮುಟ್ಟಬೇಕು ಅಂತ ನನಗನಸ್ತದ. ಬರೇ ಕೆಳಗಿನ ತಾಳ ಬದಲಿ ಮಾಡಿ ಮ್ಯಾಲ ಅದ ಹಾಡು ಇಟ್ರ ನಡೀಲಿಕ್ಕಿಲ್ಲ.

ಲಯದಹುಚ್ಚು
ಎಲ್ಲರೂ ರುದ್ರೇಶ್ ಆಗೋಕಾಗುತ್ತಾ ಸಾರ್. ಶನಿವಾರ ರಾತ್ರಿ ಒಂದು ಹಾಲ್‌ನಲ್ಲಿ ಜನರ ಕೈಗೆ ಎರಡು-ನಾಲ್ಕು ಹಿಡಿಸಿದ್ರೆ ಅದೂ ಒಂದು ಕೆಲಸ.

ಸಾಧನಕೇರಿ
ಅದನ್ನ ಅಲ್ಲಗಳಿಯಂಗಿಲ್ಲ.

ಕರಿಹಲಗೆ
ಹೈಸ್ಕೂಲಿನಲ್ಲಿ ಸಂಗೀತ ಕಲಿಸ್ತೀನಿ. ಯಾರೂ ಹೇಳದ ಒಂದು ಮಾತಿದೆ. 'ಕೈಂಡ್ ಆಫ್ ಬ್ಲೂ'ನ ಮೊದಲ ಹಾಡು 'ಸೋ ವಾಟ್'. ಬಾಸ್ ಒಂದು ಸಾಲು ಕೇಳುತ್ತೆ, ಉಳಿದವರು ಎರಡೇ ಸ್ವರದಲ್ಲಿ ಉತ್ತರ ಕೊಡ್ತಾರೆ, ಚರ್ಚಿನಲ್ಲಿ 'ಆಮೆನ್' ಅಂದ ಹಾಗೆ. ಆ ಉತ್ತರ ಕೊಡೋ ಮೂವರಲ್ಲಿ ಒಬ್ಬರು ಕ್ಯಾನನ್‌ಬಾಲ್.

1967ರಲ್ಲಿ ಜೇಮ್ಸ್ ಬ್ರೌನ್ ತಂಡದ 'ಕೋಲ್ಡ್ ಸ್ವೆಟ್' ಬಂತು. ಫಂಕ್ ಅನ್ನೋದು ಅಲ್ಲಿಂದಲೇ ಶುರು ಅನ್ನೋರು ಬಹಳ ಜನ. ಅದನ್ನ ಕಟ್ಟಿದ ಪೀ ವೀ ಎಲ್ಲಿಸ್, ಜಾಝ್ ಸ್ಯಾಕ್ಸ್‌ನ ಹಿರಿಯ ಸಾನಿ ರಾಲಿನ್ಸ್ ಹತ್ರ ಪಾಠ ಹೇಳಿಸಿಕೊಂಡ ಸ್ಯಾಕ್ಸ್ ವಾದಕ. ಅದರ ಊದುವಾದ್ಯಗಳ ಸಾಲಿಗೆ 'ಸೋ ವಾಟ್' ಪ್ರೇರಣೆ ಅಂತ ಅವರೇ ಹೇಳಿದ್ದಾರೆ. ಎರಡನ್ನೂ ಒಂದರ ಹಿಂದೆ ಒಂದು ಹಾಕಿ. ಆ ಎರಡು ಸ್ವರ ಹೇಗೆ ಮನೆ ಬದಲಾಯಿಸಿದೆ ನೋಡಿ. ಮಕ್ಕಳಿಗೆ ಹೇಳದೇನೇ ಕೇಳಿಸಿದೆ, ಹಿಂದಿನ ಬೆಂಚಿನ ಹುಡುಗಿ ಒಬ್ಬಳು "ಸಾರ್, ಇದು ಅದೇ ಅಲ್ವಾ" ಅಂದಳು.

ಹಳೇರೆಕಾರ್ಡು ಅವರೇ, ನೀವು ಅಷ್ಟು ಪ್ರೀತಿಸೋ ರೆಕಾರ್ಡಿನ ಹೊಟ್ಟೆಯಲ್ಲೇ ಫಂಕ್ ಇತ್ತು.

ಹಳೇರೆಕಾರ್ಡು
ಈಗ ತಾನೇ ಎರಡೂ ಹಾಕಿ ಕೇಳಿದೆ. ಹೌದು. ಇಷ್ಟು ವರ್ಷ ನನ್ನ ಕಿವಿಗೆ ಯಾಕೆ ಬೀಳಲಿಲ್ಲವೋ. ಎರಡು ಬೇರೆ ಬೇರೆ ಕಪಾಟಿನಲ್ಲಿ ಇಟ್ಟಿದ್ದೆ, ಅದಕ್ಕೇ ಇರಬೇಕು.

ಟೇಪುರೀಲು
ತುಂಗಾತೀರ ಅವರೇ, ನೀವು ಕೂತಿದ್ದ ಊರಿನ ಬಗ್ಗೆಯೇ ಒಂದು ವಿಷಯ. 'ವಾಕ್ ಟಾಲ್' ನಿಮ್ಮ ಶಿಕಾಗೊದಲ್ಲೇ 1969ರಲ್ಲಿ, ಈ ಸಲ ನಿಜವಾಗಿಯೂ ಜನರ ಮಧ್ಯೆ, ರೆಕಾರ್ಡ್ ಆಗಿದೆ. 'ಕಂಟ್ರಿ ಪ್ರೀಚರ್' ರೆಕಾರ್ಡ್. ಕಪ್ಪು ಜನರಿಗೆ ಉದ್ಯೋಗ ಕೊಡಿ ಅಂತ ಕಂಪನಿಗಳ ಮೇಲೆ ಒತ್ತಡ ತರ್ತಿದ್ದ ಆಪರೇಷನ್ ಬ್ರೆಡ್‌ಬಾಸ್ಕೆಟ್ ಸಭೆಯಲ್ಲಿ. ಮೊದಲು ಜೆಸ್ಸಿ ಜಾಕ್ಸನ್ ಮಾತಾಡ್ತಾರೆ, ತಲೆಯೆತ್ತಿ ನಡೀರಿ ಅನ್ನೋ ಧಾಟಿಯಲ್ಲಿ, ಆ ಮಾತು ಮುಗಿಯೋದೂ ತಂಡ ಎತ್ತಿಕೊಳ್ಳೋದೂ ಒಂದೇ. ಅಲ್ಲಿ ಸೇರಿದವರಿಗೆ ಜಾಝ್ ಯಾವುದು, ಫಂಕ್ ಯಾವುದು, ಚರ್ಚಿನ ಹಾಡು ಯಾವುದು ಅನ್ನೋ ವಿಂಗಡಣೆ ಬೇಕಿರಲಿಲ್ಲ.

ತುಂಗಾತೀರ
ಇದನ್ನ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನನ್ನ ಕೈ ಹಿಡಿದು ಸರಿಮಾಡಿದ ಆ ಅಮ್ಮನಿಗೆ ಎಪ್ಪತ್ತೈದಾದ್ರೂ ಇರ್ಬೇಕು. ಹಾಡು ಮುಗಿದ ಮೇಲೆ ಅವರನ್ನ ಮಾತಾಡಿಸಬೇಕಿತ್ತು. ಕೋಟು ಹಾಕ್ಕೊಳ್ಳೋ ಗಡಿಬಿಡಿಯಲ್ಲಿ ಬಂದುಬಿಟ್ಟೆ.

ತಂತಿನಾದ
ಝಾವಿನುಲ್ ಬಗ್ಗೆ ಎರಡು ಮಾತು ಸೇರಿಸ್ತೀನಿ. ವಿಯೆನ್ನಾದ ಹುಡುಗ, 1961ರಲ್ಲಿ ಇವರ ತಂಡ ಸೇರಿ ಒಂಬತ್ತು ವರ್ಷ ಇದ್ರು. ಆಸ್ಟ್ರಿಯಾದ ಬಿಳಿಯ ಬರೆದ ಹಾಡು ಕಪ್ಪು ಚರ್ಚಿನ ದನಿಯಾಗಿ ಕೇಳುತ್ತೆ ಅಂದ್ರೆ ಆ ತಂಡದೊಳಗೆ ಎಂಥಾ ಕಲಿಕೆ ನಡೀತಿತ್ತು ಯೋಚಿಸಿ. 1970ರಲ್ಲಿ ಹೊರಗೆ ಬಂದು ಸ್ಯಾಕ್ಸ್ ವಾದಕ ವೇನ್ ಶಾರ್ಟರ್ ಜೊತೆ ವೆದರ್ ರಿಪೋರ್ಟ್ ಅನ್ನೋ ತಂಡ ಶುರು ಮಾಡಿದ್ರು. ಇಲ್ಲಿ ಅವರ ಜಾಗಕ್ಕೆ ಬಂದ ಜಾರ್ಜ್ ಡ್ಯೂಕ್ ಮುಂದೆ ಫಂಕ್‌ನಲ್ಲೇ ದೊಡ್ಡ ಹೆಸರಾದ್ರು.

ಕ್ಯಾನನ್‌ಬಾಲ್ 1975ರ ಆಗಸ್ಟ್‌ನಲ್ಲಿ ಪಾರ್ಶ್ವವಾಯು ಬಡಿದು ಹೋದ್ರು, ಬರೀ 46 ವರ್ಷ. ಮರುವರ್ಷದ ವೆದರ್ ರಿಪೋರ್ಟ್ ರೆಕಾರ್ಡಿನಲ್ಲಿ ಝಾವಿನುಲ್ 'ಕ್ಯಾನನ್ ಬಾಲ್' ಅಂತಲೇ ಒಂದು ಹಾಡು ಇಟ್ಟರು. ಅದಕ್ಕೆ ಬಾಸ್ ನುಡಿಸಿದ್ದು ಜ್ಯಾಕೊ ಪಾಸ್ಟೋರಿಯಸ್, ಬೆಳೆದದ್ದು ಕ್ಯಾನನ್‌ಬಾಲ್ ಮೇಷ್ಟ್ರಾಗಿದ್ದ ಅದೇ ಫೋರ್ಟ್ ಲಾಡರ್‌ಡೇಲ್ ಸೀಮೆಯಲ್ಲಿ. ನಿಧಾನದ ಹಾಡು. ನಾನು ಬಾಸ್ ಹಿಡಿದಿದ್ದೇ ಅದನ್ನ ಕೇಳಿ.

ಕರಿಹಲಗೆ
'ಮರ್ಸಿ'ಯನ್ನ ನಮ್ಮ ಶಾಲೆ ಮಕ್ಕಳಿಗೆ ಕೂರಿಸ್ತಿದ್ದೀನಿ. ಮೂಲದಲ್ಲಿ ಸ್ಯಾಕ್ಸ್ ಸೋಲೊ ಎಷ್ಟು ಬಾರ್ ಇದೆ ಅಂತ ಯಾರಾದ್ರೂ ಹೇಳ್ತೀರಾ?

ಲಯದಹುಚ್ಚು
ಸೊನ್ನೆ.

ಕರಿಹಲಗೆ
ಅಂದ್ರೆ?

ಲಯದಹುಚ್ಚು
ಅವರು ಸೋಲೊ ತಗೊಂಡೇ ಇಲ್ಲ. ಶುರುವಿನಲ್ಲಿ ಜನರ ಹತ್ರ ಮಾತಾಡ್ತಾರೆ, ಕಷ್ಟ ಬಂದಾಗ ಏನು ಮಾಡ್ಬೇಕು ಅಂತ ತಿಳಿಯದೇ ಹೋದ್ರೆ ಇದು ಹೇಳ್ಕೋಬೇಕು ಅನ್ನೋ ಥರ. ಆಮೇಲೆ ತಮ್ಮನ ಕಾರ್ನೆಟ್ ಜೊತೆ ಸೇರಿ ರಾಗ ಊದ್ತಾರೆ. ಬಿಡಿಯಾಗಿ ನುಡಿಸೋದು ಝಾವಿನುಲ್ ಒಬ್ಬರೇ.

ತುಂಗಾತೀರ
ಇದನ್ನ ನೋಡಿ ಮತ್ತೆ ಹಾಕಿ ಕೇಳಿದ್ವಿ, ಇಬ್ಬರೂ ಅಡುಗೆಮನೆಯಲ್ಲೇ ನಿಂತು. ನಿಜ! ಶನಿವಾರ ಆಲ್ಟೊದವರು ಅದರಲ್ಲೇ ಎಲ್ಲಕ್ಕಿಂತ ಉದ್ದದ ಸೋಲೊ ತಗೊಂಡ್ರು. ನಮ್ಮನೆಯವರು ಪೂರ್ತಿ ಕೇಳಿ ಮುಗಿಸಿ ಹೇಳಿದ್ದು: "ತನ್ನ ಹೆಸರಿನ ತಂಡ, ಎಲ್ಲರಿಗೂ ಬೇಕಾದ ಹಾಡು, ಅದರಲ್ಲಿ ತಾನೇ ಸುಮ್ಮನಿದ್ದಾನೆ. ಆ ಹುಡುಗರು ತಾಳ ಬದಲಾಯಿಸಿದ್ದನ್ನ ನಾನು ಬಿಟ್ಟುಬಿಡ್ತೀನಿ. ಇದನ್ನ ಕಲೀಬೇಕಿತ್ತು ಅವರು." ನನಗೂ ಹಾಗೇ ಅನ್ನಿಸ್ತು. ಮುಂದಿನ ತಿಂಗಳು ಅದೇ ತಂಡ ಮತ್ತೆ ಇದೆ, ಟಿಕೆಟ್ ತಗೊಳ್ಳೋಣ ಅಂದಿದ್ದಾರೆ. ಈ ಸಲ ಆ ಅಮ್ಮ ಸಿಕ್ರೆ ಮೊದಲು ಹೋಗಿ ಮಾತಾಡಿಸ್ತೀನಿ.

ಬಂಟ್ವಾಳದವ
ನನ್ನ ಅಳಿಯನಿಗೆ ಕೇಳಿಸಿದೆ. ಅವನಿಗೆ ಊದಬೇಕಂತೆ. ಯಾವ ಶ್ರುತಿಯಿಂದ ಹಿಡಿಯಬೇಕು ಸ್ವಲ್ಪ ಹೇಳಿ.

ತಂತಿನಾದ
ಮೂಲ ಬಿ ಫ್ಲಾಟ್. ಆಲ್ಟೊ ಇ ಫ್ಲಾಟ್ ವಾದ್ಯ ಆದ್ದರಿಂದ ಅವನ ಕೈಗೆ ಅದು ಜಿ. ಇಪ್ಪತ್ತು ಬಾರ್‌ನ ಹಾಡು, ಮೊದಲರ್ಧ ಹೆಚ್ಚುಕಡಿಮೆ ಎರಡೇ ಕಾರ್ಡ್. ಕೆಳಗಿಂದ ಸ್ವರಕ್ಕೆ ಜಾರಿ ಬರೋದು ಇದೆಯಲ್ಲ, ಅದನ್ನ ಬೆರಳಲ್ಲಿ ಮಾಡಬೇಡ, ತುಟಿ ಸಡಿಲಿಸಿ ಮಾಡು ಅಂತ ಹೇಳಿ.

ಬಂಟ್ವಾಳದವ
ಜಾರು ಅವನಿಗೆ ಹೇಳಿಕೊಡುವುದು ಬೇಡ, ದಿನಾ ಅದೇ ಸಾಧನೆ. ಜಿ ಅಂತ ಹೇಳಿದ್ದೇನೆ. ಈಗ ಒಳಗಿನ ಕೋಣೆಯಲ್ಲಿ ರೀಡು ಒದ್ದೆ ಮಾಡುತ್ತ ಕೂತಿದ್ದಾನೆ.